ಕತ್ತು, ಭುಜದ ನೋವು ನರದ್ದೇ? ಹರೆಯದವರಲ್ಲಿ ಪತ್ತೆ ಹಚ್ಚುವ ಕ್ರಮ

ಕೈಮೇಲೆ ಉಬ್ಬಿ ಕಾಣುವ ರಕ್ತನಾಳಕ್ಕೂ ನಾವು ನರ ಅಂತೀವಿ, ಹಿಮ್ಮಡಿಯ ಮೇಲೆ ಬಿಗಿಯಾಗಿ ಸಿಗುವ ಸ್ನಾಯುರಜ್ಜುವಿಗೂ ನರ ಅಂತೀವಿ, ಹೆಗಲ ಮೇಲೆ ಗಂಟುಕಟ್ಟಿದ ಮಾಂಸಕ್ಕೂ ಅದೇ ಮಾತು. ಹಾಗಾಗಿ ಇಪ್ಪತ್ತೈದರ ಹುಡುಗನೊಬ್ಬ ಕತ್ತು ಹಿಡಿದುಕೊಂಡು ಬಂದು "ನರ ಎಳೀತಿದೆ ಸಾರ್" ಅಂದರೆ, ನಿಜಕ್ಕೂ ನರಕ್ಕೆ ಪೆಟ್ಟಾಗಿದೆ ಎಂದು ತಿಳಿಯಬೇಕಿಲ್ಲ. ಹೆಚ್ಚಿನವರದು ಸ್ನಾಯು ಬಿಗಿದ ನೋವು. ಅದು ಕೆಲವು ದಿನ, ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನರದ ನೋವು ಬೇರೆ ಜಾತಿಯದು. ಅದು ಕತ್ತಿನಲ್ಲಿ ಹುಟ್ಟಿದರೂ ಸುಳಿವು ಬಿಡುವುದು ಕೈಬೆರಳುಗಳಲ್ಲಿ.

ಈಗ ನಡೆಯುತ್ತಿರುವುದು ತಲೆಕೆಳಗಾದ ಕ್ರಮ. ನೋವು ಬಂದ ವಾರಕ್ಕೇ ಎಂಆರ್‌ಐ, ವರದಿಯಲ್ಲಿ "ಡಿಸ್ಕ್ ಬಲ್ಜ್" ಎಂಬ ಎರಡು ಪದ (ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಎಂದರ್ಥ), ಅಲ್ಲಿಂದ ವರ್ಷಗಟ್ಟಲೆ ಭಯ. ಜಪಾನಿನಲ್ಲಿ ಕತ್ತು ನೋವೇ ಇಲ್ಲದ 1,211 ಮಂದಿಯ ಎಂಆರ್‌ಐ ತೆಗೆದು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ ಶೇ 87.6 ಮಂದಿಗೆ ಡಿಸ್ಕ್ ಉಬ್ಬಿತ್ತು. 20ರಿಂದ 29 ವಯಸ್ಸಿನವರನ್ನಷ್ಟೇ ತೆಗೆದುಕೊಂಡರೂ ನಾಲ್ವರಲ್ಲಿ ಮೂವರಿಗೆ ಹೆಚ್ಚುಕಡಿಮೆ ಹಾಗೇ ಇತ್ತು. ಅಂದರೆ ಉಬ್ಬಿದ ಡಿಸ್ಕ್ ಒಂದನ್ನೇ ನೋಡಿ ನೋವಿನ ಮೂಲ ಹೇಳಲಾಗದು. ಮೊದಲು ಕೇಳಬೇಕು, ನೋಡಬೇಕು, ಬಲ ಅಳೆಯಬೇಕು, ಸ್ಪರ್ಶ ಪರೀಕ್ಷಿಸಬೇಕು. ಸ್ಕ್ಯಾನ್ ಬರಬೇಕಾದ್ದು ಕೊನೆಯಲ್ಲಿ, ಆಗಲೇ ಊಹಿಸಿದ್ದನ್ನು ಖಚಿತ ಮಾಡಿಕೊಳ್ಳಲು.

ಇದನ್ನು ಬರೆದಿರುವುದು ಫಿಸಿಯೋಥೆರಪಿ ಕಲಿಯುತ್ತಿರುವವರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ನೋವಿನಿಂದ ಬಳಲುತ್ತಿರುವವರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು. ಮನೆಯಲ್ಲಿ ಮಾಡಬಹುದಾದದ್ದು ಯಾವುದು, ಮಾಡಬಾರದ್ದು ಯಾವುದು ಎಂದು ಅಲ್ಲಲ್ಲೇ ಹೇಳಿದ್ದೇವೆ. ಬೇಕಾಗುವ ಸಾಮಾನು ಕಡಿಮೆ: ಒಂದು ಕಾಗದ, ಪೆನ್ನು, ಸ್ವಲ್ಪ ಹತ್ತಿ, ಹೊಸ ಹಲ್ಲುಕಡ್ಡಿ, ದರ್ಜಿಯ ಟೇಪು, ರಿಫ್ಲೆಕ್ಸ್ (ರಜ್ಜು ತಟ್ಟಿದಾಗ ತಾನಾಗಿ ಆಗುವ ಎಗರು) ನೋಡುವ ಸುತ್ತಿಗೆ. ಜೊತೆಗೆ 20 ನಿಮಿಷದ ತಾಳ್ಮೆ.

ಮೊದಲ ಹಂತ: ಕಾಯಬಾರದವರನ್ನು ಬೇರೆ ಮಾಡಿ

ಉಳಿದೆಲ್ಲಕ್ಕಿಂತ ಮೊದಲು ಇದು. ಕೆಳಗಿನ ಯಾವುದೇ ಒಂದಿದ್ದರೂ ಮುಂದಿನ ಹಂತಗಳನ್ನು ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು.

ಬೆನ್ನುಹುರಿ ಅದುಮಿಹೋಗುತ್ತಿರುವ ಲಕ್ಷಣ: ನಡೆಯುವಾಗ ಕಾಲು ಬಿಗಿದಂತಾಗುವುದು, ತೂರಾಡುವುದು, ಅಂಗಿಯ ಗುಂಡಿ ಹಾಕಲು ಅಥವಾ ಅನ್ನ ಕಲಸಲು ಬೆರಳು ಸರಿಯಾಗಿ ಹೊಂದದಿರುವುದು, ಮೂತ್ರ ತಡೆಯಲಾಗದಿರುವುದು ಅಥವಾ ಬಾರದಿರುವುದು, ತಲೆ ಬಗ್ಗಿಸಿದೊಡನೆ ಬೆನ್ನಗುಂಟ ಕರೆಂಟ್ ಹೊಡೆದಂತಾಗುವುದು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಮುಷ್ಟಿ ಕಟ್ಟಿ ಪೂರ್ತಿ ಬಿಚ್ಚಿ, 10 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ಆರೋಗ್ಯವಂತ ಯುವಕರಿಗೆ 20ರ ಮೇಲೆ ಸಲೀಸು. ಬೆರಳು ತಡವರಿಸಿ ಲೆಕ್ಕ ಅದಕ್ಕಿಂತ ಬಹಳ ಕೆಳಗೆ ನಿಂತರೆ ಬೆನ್ನುಹುರಿಯನ್ನು ಅನುಮಾನಿಸಬೇಕು.

ಸೋಂಕು, ಗಡ್ಡೆ: ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಮಲಗಿದರೂ ಬಿಡದ ನೋವು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಹರೆಯದವರಿಗೂ ಬರುತ್ತದೆ. ಕತ್ತಿನ ಮೂಳೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಒಂದೇ ಜಾಗದಲ್ಲಿ ವಿಪರೀತ ನೋವಾದರೆ ಎಚ್ಚರ. ಭುಜದ ನೋವಿನ ಜೊತೆ ಅದೇ ಬದಿಯ ರೆಪ್ಪೆ ಜೋತುಬಿದ್ದು ಕಣ್ಣಿನ ಪಾಪೆ ಕಿರಿದಾಗಿದ್ದರೆ ಶ್ವಾಸಕೋಶದ ತುದಿಯ ಗಡ್ಡೆಯನ್ನೂ ಕತ್ತಿನ ರಕ್ತನಾಳ ಸೀಳಿರುವುದನ್ನೂ ನೆನೆಯಬೇಕು.

ಕತ್ತಿನ ರಕ್ತನಾಳ ಸೀಳುವುದು: ಹಿಂದೆಂದೂ ಕಾಣದ ಬಗೆಯ ಕತ್ತು ನೋವು, ತಲೆನೋವು ಇದ್ದಕ್ಕಿದ್ದಂತೆ ಬಂದು, ಜೊತೆಗೆ ತಲೆಸುತ್ತು, ಮಾತು ತೊದಲು, ಎರಡೆರಡಾಗಿ ಕಾಣುವುದು. ಕಟಿಂಗ್ ಶಾಪಿನಲ್ಲಿ ಮಸಾಜ್ ಮಾಡಿ ಕತ್ತನ್ನು ಫಟ್ಟನೆ ತಿರುಗಿಸಿ "ಲಟಕ್" ಅನಿಸಿದ ಮೇಲೆ ಹೀಗಾಗುವುದುಂಟು. ದಯವಿಟ್ಟು ಅದನ್ನು ಮಾಡಿಸಿಕೊಳ್ಳಬೇಡಿ. ನೋವಿರುವಾಗಂತೂ ಬೇಡವೇ ಬೇಡ.

ಭುಜದ್ದೂ ಅಲ್ಲದ, ಕತ್ತಿನದ್ದೂ ಅಲ್ಲದ ನೋವು: ಮೆಟ್ಟಿಲು ಹತ್ತಿದಾಗ ಬಂದು ನಿಂತಾಗ ಇಳಿಯುವ, ಬೆವರು ತರಿಸುವ ಎಡಗೈ ನೋವು ಹೃದಯದ್ದಾಗಿರಬಹುದು, ವಯಸ್ಸು 30 ಆಗಿದ್ದರೂ ಸರಿ. ಮುಟ್ಟು ನಿಂತಿರುವ ಹೆಣ್ಣುಮಗಳಿಗೆ ಹೊಟ್ಟೆನೋವು, ತಲೆಸುತ್ತಿನ ಜೊತೆ ಭುಜದ ತುದಿ ನೋಯುತ್ತಿದ್ದರೆ ಗರ್ಭನಾಳದಲ್ಲಿ ಗರ್ಭ ನಿಂತು ಒಳಗೆ ರಕ್ತ ಸೋರುತ್ತಿರಬಹುದು. ವಪೆಗೆ (ಎದೆ–ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವಿಗೆ) ಹೋಗುವ ನರವೂ ಭುಜದ ತುದಿಯ ಚರ್ಮದ ನರವೂ ಕತ್ತಿನ ಒಂದೇ ಬೇರುಗಳಿಂದ ಹೊರಡುವುದರಿಂದ ಹೊಟ್ಟೆಯೊಳಗಿನ ಕೆರಳಿಕೆ ಭುಜದ ನೋವಾಗಿ ಕಾಣುತ್ತದೆ. ಜಿಮ್‌ನಲ್ಲಿ ಭಾರ ಎತ್ತಿದ ಮರುದಿನ ಇಡೀ ತೋಳು ಊದಿ ನೀಲಿಗಟ್ಟಿದರೆ ಅದು ನರವಲ್ಲ, ರಕ್ತ ಹೆಪ್ಪುಗಟ್ಟಿರುವ ಸೂಚನೆ.

ಬೈಕಿನಿಂದ ಬಿದ್ದಮೇಲೆ ಶುರುವಾದ ನೋವಿಗೆ ಕತ್ತು ತಿರುಗಿಸುವ ಯಾವ ಪರೀಕ್ಷೆಯನ್ನೂ ಮಾಡಕೂಡದು. ಮೊದಲು ಮೂಳೆ ಮುರಿದಿಲ್ಲವೆಂದು ಖಾತ್ರಿಯಾಗಬೇಕು.

ಎರಡನೇ ಹಂತ: ನೋವಿನ ನಕ್ಷೆ ಬರೆಸಿ

ಕಾಗದದ ಮೇಲೆ ಮನುಷ್ಯನ ಮುಂದಿನ, ಹಿಂದಿನ ಆಕಾರ ಗೀಚಿ, ನೋವಿರುವವರ ಕೈಗೇ ಪೆನ್ನು ಕೊಡಿ. ನೋವಿಗೆ ಗೀಟು, ಜೋಮಿಗೆ ಚುಕ್ಕಿ, ಮರಗಟ್ಟಿದ ಜಾಗಕ್ಕೆ ಸೊನ್ನೆ. ಬಾಯಲ್ಲಿ "ಕೈಯೆಲ್ಲಾ ನೋವು" ಅಂದವರು ಕಾಗದದ ಮೇಲೆ ಚುಕ್ಕಿ ಇಡುವಾಗ ಎರಡೇ ಬೆರಳಿಗೆ ನಿಲ್ಲಿಸುತ್ತಾರೆ. ಆ ಎರಡು ಬೆರಳು ಯಾವುವು ಎಂಬುದೇ ನಮಗೆ ಬೇಕಾದ ಮಾಹಿತಿ.

ಕತ್ತಿನಲ್ಲಿ ಮೂಳೆ 7, ನರಬೇರು (ಬೆನ್ನುಹುರಿಯಿಂದ ನರ ಹೊರಡುವ ಬುಡ) 8. ಸಿ ಅಂದರೆ ಕತ್ತು, ಮುಂದಿನ ಅಂಕಿ ಮೇಲಿನಿಂದ ಎಷ್ಟನೆಯದು ಎಂಬುದು. ಪ್ರತಿ ಬೇರಿಗೂ ಚರ್ಮದ ಮೇಲೆ ತನ್ನದೇ ಸೀಮೆ ಇದೆ. ಸಿ5 ತೋಳಿನ ಮೇಲ್ಭಾಗದ ಹೊರಮೈಗೆ. ಸಿ6 ಮುಂಗೈಯ ಹೊರಬದಿಯಿಂದ ಇಳಿದು ಹೆಬ್ಬೆರಳು, ತೋರುಬೆರಳಿಗೆ. ಸಿ7 ನಡುಬೆರಳಿಗೆ. ಸಿ8 ಉಂಗುರಬೆರಳು, ಕಿರುಬೆರಳಿಗೆ. ಎದೆಯ ಮೊದಲ ಬೇರಾದ ಟಿ1 ಮುಂಗೈಯ ಒಳಮೈಗೆ. ಅತಿ ಹೆಚ್ಚು ಸಿಕ್ಕಿಬೀಳುವುದು ಸಿ7, ನಂತರ ಸಿ6. ಗಡಿಗಳು ಒಬ್ಬರಿಂದೊಬ್ಬರಿಗೆ ಸ್ವಲ್ಪ ಸರಿಯುತ್ತವೆ, ಹಾಗಾಗಿ ನಕ್ಷೆಯೊಂದರಿಂದಲೇ ತೀರ್ಮಾನಕ್ಕೆ ಬರಬಾರದು.

ಒಂದು ವಿಷಯ ಬಹಳ ಮಂದಿಗೆ ತಪ್ಪಿಹೋಗುತ್ತದೆ. ನರಬೇರಿನ ನೋವು ಎಷ್ಟೋ ಸಲ ಮೊದಲು ಕಾಣಿಸುವುದು ಬೆನ್ನಿನ ರೆಕ್ಕೆಮೂಳೆಯ ಒಳ ಅಂಚಿನಲ್ಲಿ. ಅಲ್ಲಿ ಮೊಳೆ ಹೊಡೆದಂತೆ ಆಳದ ನೋವು ಕೆಲವು ದಿನ ಇದ್ದು, ಆಮೇಲೆ ಕೈಗೆ ಇಳಿಯುತ್ತದೆ. ಕತ್ತು ಹಿಂದಕ್ಕೆ ಬಾಗಿಸಿದಾಗ ರೆಕ್ಕೆಯ ಬಳಿ ಚುಚ್ಚುತ್ತಿದ್ದರೆ, ಬೆರಳಲ್ಲಿ ಇನ್ನೂ ಜೋಮು ಬಂದಿರದಿದ್ದರೂ ವಾರ ಬಿಟ್ಟು ಮತ್ತೆ ಪರೀಕ್ಷಿಸಿ.

ಸ್ನಾಯುವಿನ ನೋವಿನ ನಕ್ಷೆ ಹೀಗಿರುವುದಿಲ್ಲ. ಹೆಗಲು, ಕತ್ತಿನ ಬದಿ, ತಲೆಯ ಹಿಂಭಾಗ ಹೀಗೆ ಅಗಲಕ್ಕೆ ಹರಡಿರುತ್ತದೆ, ಒಂದು ಗಂಟನ್ನು ಒತ್ತಿದರೆ "ಹಾಂ, ಅದೇ" ಅಂತಾರೆ. ಮೊಣಕೈ ದಾಟಿ ಗೆರೆ ಎಳೆದಂತೆ ಇಳಿಯುವುದು ಅಪರೂಪ.

ಮೂರನೇ ಹಂತ: ಪ್ರಶ್ನೆಗಳು

ನೋವಿನ ಬಣ್ಣ ಕೇಳಿ: ಉರಿಯೇ, ಕರೆಂಟ್ ಹೊಡೆತವೇ, ಸೂಜಿಮೊನೆಯ ಜುಮ್ಮೇ, ಬರೀ ಭಾರವೇ? ಕೆಮ್ಮಿದರೆ, ಸೀನಿದರೆ ಕೈಗೆ ಹೊಡೆಯುತ್ತದೆಯೇ? ಯಾವ ಭಂಗಿಯಲ್ಲಿ ಆರಾಮ? ಈ ಕೊನೆಯ ಪ್ರಶ್ನೆಗೆ ಉತ್ತರ ಬಾಯಲ್ಲಿ ಬರುವ ಮೊದಲೇ ಕಣ್ಣಿಗೆ ಕಾಣುತ್ತದೆ. ನಿಮ್ಮೆದುರು ಕೂತವರು ಮಾತಾಡುತ್ತಲೇ ನೋವಿರುವ ಕೈಯನ್ನು ಎತ್ತಿ ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡರೆ, ಕತ್ತಿನ ನರಬೇರು ಸಿಕ್ಕಿಕೊಂಡಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಹಾಗೆ ಕೈ ಎತ್ತಿದಾಗ ಬೇರಿನ ಮೇಲಿನ ಎಳೆತ ಸಡಿಲವಾಗುತ್ತದೆ. ಕೀಲಿನ ತೊಂದರೆಯಿದ್ದವರು ಕೈ ಎತ್ತಲು ಒಪ್ಪುವುದೇ ಇಲ್ಲ.

ರಾತ್ರಿ ಜೋಮಿನಿಂದ ಎದ್ದು ಕೈ ಕೊಡವಿದರೆ ಸರಿಹೋಗುತ್ತದೆ ಎಂದರೆ ಮಣಿಕಟ್ಟಿನ ಕಡೆ ನೋಡಿ. ಕಾರ್ಪಲ್ ಟನಲ್ ತೊಂದರೆ (ಮಣಿಕಟ್ಟಿನ ಸುರಂಗದಲ್ಲಿ ನರ ಅದುಮಿಹೋಗುವುದು) ಭುಜದವರೆಗೂ ನೋವು ಏರಿಸುತ್ತದೆ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಗರ್ಭಿಣಿಯರು, ಹೊಲಿಗೆ ಕೆಲಸದವರು, ಇವರಲ್ಲಿ ಇದನ್ನು ಮರೆಯಬೇಡಿ.

ಕೆಲಸವನ್ನೂ ವಿವರವಾಗಿ ಕೇಳಿ. ಲ್ಯಾಪ್‌ಟಾಪ್ ಎಷ್ಟು ಎತ್ತರದಲ್ಲಿದೆ, ಬೈಕಿನಲ್ಲಿ ಬ್ಯಾಗಿನ ಪಟ್ಟಿ ಯಾವ ಹೆಗಲಿಗೆ, ವಾಲಿಬಾಲ್ ಆಡುತ್ತಾರೆಯೇ, ಗೋಡೆಗೆ ಬಣ್ಣ ಬಳಿಯುವವರೇ? ಇತ್ತೀಚೆಗೆ ಜ್ವರ, ಲಸಿಕೆ, ಶಸ್ತ್ರಚಿಕಿತ್ಸೆ ಆಗಿತ್ತೇ? ಕತ್ತಿನ ಬದಿಯಲ್ಲಿ ಗಂಟು ತೆಗೆಸಿದ್ದರೇ? ಇವು ಯಾಕೆಂದು ಮುಂದೆ ತಿಳಿಯುತ್ತದೆ.

ಎರಡೂ ಕೈ, ಎರಡೂ ಪಾದ ಒಂದೇ ಸಮನೆ ಜುಮ್ಮೆನ್ನುತ್ತಿದ್ದರೆ ಕತ್ತಿನ ಒಂದು ಬೇರು ಅದಕ್ಕೆ ಕಾರಣವಾಗಲಾರದು. ವಿಟಮಿನ್ ಬಿ12, ಸಕ್ಕರೆ ಪರೀಕ್ಷಿಸಿ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಹಾಗೆಂದು ಕತ್ತು ನೋವಿದ್ದವರಿಗೆಲ್ಲ ರಕ್ತಪರೀಕ್ಷೆಯಿಲ್ಲದೆ "ನರದ ಇಂಜೆಕ್ಷನ್" ಚುಚ್ಚುವುದು ಸರಿಯಲ್ಲ.

ನಾಲ್ಕನೇ ಹಂತ: ಅಂಗಿ ತೆಗೆಸಿ, ಹಿಂದಿನಿಂದ ನೋಡಿ

ಶರ್ಟಿನ ಮೇಲಿಂದ ಭುಜ ಪರೀಕ್ಷಿಸಿದರೆ ಅರ್ಧ ರೋಗ ಕಾಣುವುದೇ ಇಲ್ಲ. ಹೆಣ್ಣುಮಕ್ಕಳಿಗೆ ಬೆನ್ನು ಮಾತ್ರ ತೆರೆಯುವ ಗೌನು ಕೊಡಿ, ಜೊತೆಯಲ್ಲಿ ಒಬ್ಬರಿರಲಿ. ಎರಡೂ ಹೆಗಲು ಒಂದೇ ಎತ್ತರದಲ್ಲಿವೆಯೇ? ರೆಕ್ಕೆಮೂಳೆಯ ಅಡ್ಡಗೆರೆಯ ಕೆಳಗೆ ಗುಳಿ ಬಿದ್ದಿದೆಯೇ? ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಬತ್ತಿದೆಯೇ? ಮೊಣಕೈಯಿಂದ 10 ಸೆಂ.ಮೀ. ಮೇಲೆ, 10 ಸೆಂ.ಮೀ. ಕೆಳಗೆ ಗುರುತು ಹಾಕಿ ಎರಡೂ ಕೈಯ ಸುತ್ತಳತೆ ಬರೆದುಕೊಳ್ಳಿ. ಬಳಸುವ ಕೈ ಸ್ವಲ್ಪ ದಪ್ಪವಿರುವುದು ಸಹಜ. ಬಲಗೈ ಬಳಸುವವರ ಬಲಗೈಯೇ ಸಣ್ಣಗಾಗಿದ್ದರೆ ಅದು ಸಹಜವಲ್ಲ.

ಆಮೇಲೆ ಗೋಡೆಗೆ ಎರಡೂ ಅಂಗೈ ಒತ್ತಿ ತಳ್ಳಲು ಹೇಳಿ. ಒಂದು ಕಡೆಯ ರೆಕ್ಕೆಮೂಳೆ ಬೆನ್ನಿನಿಂದ ಹಕ್ಕಿಯ ರೆಕ್ಕೆಯಂತೆ ಎದ್ದುಬಂದರೆ ಎದೆಯ ಪಕ್ಕದಲ್ಲಿ ಇಳಿಯುವ ಉದ್ದನೆಯ ನರ ಕೆಟ್ಟಿದೆ. ಚರ್ಮವನ್ನೂ ನೋಡಿ. ಬೊಕ್ಕೆ ಏಳುವ ಕೆಲವು ದಿನ ಮೊದಲೇ ಸರ್ಪಸುತ್ತು ಒಂದು ನರದ ಸೀಮೆಯಲ್ಲಿ ಉರಿಯುತ್ತದೆ.

ಐದನೇ ಹಂತ: ಕತ್ತೋ ಭುಜವೋ

ನೋವಿರುವವರು ಕೈಯನ್ನು ಸಡಿಲ ಬಿಡಲಿ. ನೀವೇ ಅವರ ತೋಳನ್ನು ಎತ್ತಿ, ಹೊರಕ್ಕೆ ತಿರುಗಿಸಿ. ಇದರಿಂದ ಅವರದೇ ನೋವು ಕೆರಳಿದರೆ, ಅಥವಾ ಕೈ ಒಂದು ಮಟ್ಟದಲ್ಲಿ ನಿಂತೇಹೋದರೆ ತೊಂದರೆ ಭುಜದ ಕೀಲಿನಲ್ಲಿದೆ. ಕೈ ಪಕ್ಕಕ್ಕೆ ಎತ್ತುವಾಗ 60ರಿಂದ 120 ಡಿಗ್ರಿ ನಡುವೆ ಮಾತ್ರ ನೋಯುವುದು ಭುಜದ ರಜ್ಜುಗಳ ಗುರುತು. ಭುಜ ಸಲೀಸಾಗಿ ಆಡಿ, ಕತ್ತು ತಿರುಗಿಸಿದಾಗ ಮಾತ್ರ ಕೈಗೆ ಹೊಡೆದರೆ ಮೂಲ ಕತ್ತಿನಲ್ಲಿ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ಆದರೆ 30ರೊಳಗಿನವರಲ್ಲಿ ಕಡಿಮೆ.

ಆರನೇ ಹಂತ: ಕೆರಳಿಸಿ, ಸಡಿಲಿಸಿ ನೋಡುವುದು

ಇಲ್ಲಿಂದ ಮುಂದಿನ ನಾಲ್ಕು ಪರೀಕ್ಷೆಗಳಲ್ಲಿ ಮೂರು ತರಬೇತಾದವರ ಕೆಲಸ. 2003ರಲ್ಲಿ ಅಮೆರಿಕದ ವೈನ್ನರ್ ಮತ್ತು ಸಂಗಡಿಗರು 82 ರೋಗಿಗಳಲ್ಲಿ ಪರೀಕ್ಷಿಸಿ ಗೊತ್ತುಮಾಡಿದ ಗುಂಪಿದು. ನಾಲ್ಕರಲ್ಲಿ ಮೂರು ಹೌದೆಂದರೆ ನರಬೇರಿನ ತೊಂದರೆ ಇರುವ ಸಾಧ್ಯತೆ ಶೇ 65, ನಾಲ್ಕೂ ಹೌದಾದರೆ ಶೇ 90.

ಒಂದು, ಕತ್ತು ತಿರುಗಿಸುವುದು. ನೋವಿರುವ ಬದಿಗೆ ತಾವೇ ತಿರುಗಿಸಲಿ. 60 ಡಿಗ್ರಿಗಿಂತ ಕಡಿಮೆಯಾದರೆ ಹೌದು. ಇದನ್ನು ಮನೆಯಲ್ಲೂ ನೋಡಿಕೊಳ್ಳಬಹುದು.

ಎರಡು, ಸ್ಪರ್ಲಿಂಗ್ ಪರೀಕ್ಷೆ. ಕೂತವರ ಕತ್ತನ್ನು ನೋವಿರುವ ಬದಿಗೆ ವಾಲಿಸಿ, ಸ್ವಲ್ಪ ಹಿಂದಕ್ಕೆ ಬಾಗಿಸಿ. ಅಷ್ಟಕ್ಕೇ ಕೈಗೆ ನೋವು ಹರಿದರೆ ಅಲ್ಲಿಗೇ ನಿಲ್ಲಿಸಿ, ಒತ್ತುವ ಅಗತ್ಯವಿಲ್ಲ. ಹರಿಯದಿದ್ದರೆ ಮಾತ್ರ ನೆತ್ತಿಯ ಮೇಲೆ ಹಗುರವಾಗಿ ಕೆಳಗೆ ಒತ್ತಿ. ಕತ್ತಿನಲ್ಲೇ ನೋವಾದರೆ ಅದು "ಹೌದು" ಅಲ್ಲ, ಕೈಗೆ ಇಳಿಯಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಬೆನ್ನುಹುರಿ ಒತ್ತಡದ ಅನುಮಾನ, ಅಪಘಾತ, ಮೂಳೆ ಸೋಂಕು ಇದ್ದವರಿಗೆ ಇದನ್ನು ಮಾಡಲೇಬಾರದು.

ಮೂರು, ಎಳೆದು ಸಡಿಲಿಸುವುದು. ಅಂಗಾತ ಮಲಗಿಸಿ, ಗದ್ದದ ಕೆಳಗೂ ತಲೆಯ ಹಿಂಭಾಗಕ್ಕೂ ಕೈಕೊಟ್ಟು ಮೆಲ್ಲನೆ ತಲೆಯನ್ನು ನಿಮ್ಮತ್ತ ಎಳೆಯಿರಿ. ಕೈನೋವು ಇಳಿದರೆ ಹೌದು.

ನಾಲ್ಕು, ತೋಳಿನ ನರ ಹಿಗ್ಗಿಸುವುದು. ಮಲಗಿದವರ ಭುಜ ಮೇಲಕ್ಕೇರದಂತೆ ಕೆಳಗೆ ಹಿಡಿದು, ತೋಳನ್ನು ಪಕ್ಕಕ್ಕೆ 90 ಡಿಗ್ರಿ ಸರಿಸಿ, ಅಂಗೈ ಮೇಲ್ಮುಖ ಮಾಡಿ, ಮಣಿಕಟ್ಟು ಬೆರಳು ಹಿಂದಕ್ಕೆ ಚಾಚಿ, ತೋಳನ್ನು ಹೊರಕ್ಕೆ ತಿರುಗಿಸಿ, ಕೊನೆಗೆ ಮೊಣಕೈಯನ್ನು ನಿಧಾನಕ್ಕೆ ಬಿಡಿಸಿ. ಕಟ್ಟಕಡೆಗೆ ಕತ್ತನ್ನು ಎದುರು ಬದಿಗೆ ವಾಲಿಸಲು ಹೇಳಿ. ಆರೋಗ್ಯವಂತರಿಗೂ ಇಲ್ಲಿ ಸೆಳೆತ ಆಗಿಯೇ ಆಗುತ್ತದೆ. ಲೆಕ್ಕಕ್ಕೆ ಬರುವುದು ಮೂರು: ಅವರದೇ ಹಳೆಯ ನೋವು ಮರುಕಳಿಸುವುದು, ಎರಡು ಕೈಗಳ ಮೊಣಕೈ ಬಿಡಿಸುವಿಕೆಯಲ್ಲಿ 10 ಡಿಗ್ರಿಗೂ ಹೆಚ್ಚು ಅಂತರ, ಕತ್ತು ವಾಲಿಸಿದಾಗ ನೋವು ಏರಿಳಿಯುವುದು.

ಈ ನಾಲ್ಕನೆಯದರ ನಿಜವಾದ ಬೆಲೆ "ಇಲ್ಲ" ಎನ್ನುವಾಗ. ಸರಿಯಾಗಿ ಮಾಡಿದ ಮೇಲೂ ಏನೂ ಕೆರಳದಿದ್ದರೆ ಕತ್ತಿನ ನರಬೇರನ್ನು ಬಹುಮಟ್ಟಿಗೆ ಕೈಬಿಡಬಹುದು. ಸ್ಪರ್ಲಿಂಗ್ ಇದಕ್ಕೆ ತದ್ವಿರುದ್ಧ. ಅದು "ಹೌದು" ಎಂದಾಗ ನಂಬಬೇಕು, "ಇಲ್ಲ" ಎಂದಾಗ ಅಷ್ಟು ನಂಬಬಾರದು.

ಏಳನೇ ಹಂತ: ಬಲ

ನೋವು ಹೇಳಿಕೊಳ್ಳುವಂಥದು, ಬಲ ಅಳೆಯುವಂಥದು. ಇಡೀ ಪತ್ತೆಯಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷಿ ಇದೇ. ಸಿ5ಕ್ಕೆ ತೋಳನ್ನು ಪಕ್ಕಕ್ಕೆ ಎತ್ತಿ ಹಿಡಿಯುವುದು. ಸಿ6ಕ್ಕೆ ಮೊಣಕೈ ಮಡಚುವುದು, ಮಣಿಕಟ್ಟು ಮೇಲೆತ್ತುವುದು. ಸಿ7ಕ್ಕೆ ಮೊಣಕೈ ನೀಡುವುದು. ಸಿ8ಕ್ಕೆ ಬೆರಳ ತುದಿ ಮಡಚಿ ಹಿಡಿಯುವುದು. ಟಿ1ಕ್ಕೆ ಬೆರಳು ಅಗಲಿಸುವುದು. ನೀವು ಎದುರು ಒತ್ತಡ ಹಾಕಿ, ಎರಡೂ ಕೈ ಹೋಲಿಸಿ, 0ಯಿಂದ 5ರವರೆಗೆ ಅಂಕ ಕೊಡಿ. 3 ಅಂದರೆ ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಬಲ್ಲರು, ಅದರ ಮೇಲೆ ಒತ್ತಡ ತಡೆಯಲಾರರು.

ಸಿ7ರ ದೌರ್ಬಲ್ಯ ರೋಗಿಗೇ ಗೊತ್ತಿರುವುದಿಲ್ಲ. ದಿನದ ಕೆಲಸದಲ್ಲಿ ಮೊಣಕೈ ನೀಡುವುದನ್ನು ಭೂಮಿಯ ಸೆಳೆತವೇ ಮಾಡಿಕೊಡುತ್ತದೆ, ತೋಳಿನ ಹಿಂಬದಿಯ ಸ್ನಾಯುವಿಗೆ ಹೆಚ್ಚು ಕೆಲಸವಿರುವುದಿಲ್ಲ. ಕೈ ಪೂರ್ತಿ ನೇರವಿದ್ದಾಗ ಪರೀಕ್ಷಿಸಿದರೂ ಕೀಲು ಬೀಗ ಹಾಕಿದಂತೆ ನಿಂತು ನಿಮಗೆ ಮೋಸವಾಗುತ್ತದೆ. ಆದ್ದರಿಂದ ಮೊಣಕೈ ಅರ್ಧ ಮಡಚಿಸಿ, ಅಲ್ಲಿಂದ ನೀಡಲು ಹೇಳಿ, ನೀವು ಮುಂಗೈ ಹಿಡಿದು ತಡೆಯಿರಿ. ಮನೆಯಲ್ಲಾದರೆ ತೂಕದ ಯಂತ್ರವನ್ನು ಗೋಡೆಗೆ ಆನಿಸಿ ಯಾರಾದರೂ ಹಿಡಿದುಕೊಳ್ಳಲಿ. ಮೊಣಕೈ ಮಡಚಿದ ಸ್ಥಿತಿಯಿಂದ ಒಂದೊಂದೇ ಕೈಯಲ್ಲಿ ತಳ್ಳಿ, ಮೂರು ಮೂರು ಸಲ ಬರೆದುಕೊಳ್ಳಿ. ಮೈಭಾರ ಹಾಕಬೇಡಿ. ಬಲ–ಎಡಕ್ಕೆ ಚಿಕ್ಕ ವ್ಯತ್ಯಾಸ ಇದ್ದೇ ಇರುತ್ತದೆ. ಮೂರು ಸಲವೂ ಒಂದು ಕೈ ಎದ್ದು ಕಾಣುವಷ್ಟು ಹಿಂದೆ ಬಿದ್ದರೆ ಅದನ್ನು ವೈದ್ಯರಿಗೆ ತೋರಿಸಿ.

ನೋವಿನಿಂದ ಕೈಬಿಡುವುದಕ್ಕೂ ಬಲವಿಲ್ಲದೆ ಸೋಲುವುದಕ್ಕೂ ವ್ಯತ್ಯಾಸವಿದೆ. ನೋವಾದವರು ಮೊದಲು ಗಟ್ಟಿಯಾಗಿ ತಡೆದು ತಟ್ಟನೆ ಬಿಡುತ್ತಾರೆ. ನರ ಸೋತವರ ಕೈ ಮೊದಲಿನಿಂದಲೂ ಒಂದೇ ಸಮನೆ ಜಾರುತ್ತದೆ.

ಎಂಟನೇ ಹಂತ: ಸ್ಪರ್ಶ ಮತ್ತು ರಿಫ್ಲೆಕ್ಸ್

ಕಣ್ಣು ಮುಚ್ಚಿಸಿ ಹತ್ತಿಯಿಂದ ಮುಟ್ಟಿ, ಹಲ್ಲುಕಡ್ಡಿಯಿಂದ ಚುಚ್ಚಿ. "ಗೊತ್ತಾಯ್ತಾ?" ಎಂದು ಕೇಳಬೇಡಿ. "ಎರಡೂ ಕಡೆ ಒಂದೇ ಥರ ಇದೆಯಾ?" ಎಂದು ಕೇಳಿ.

ಉಂಗುರಬೆರಳಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಅದರ ಎರಡು ಬದಿಗಳನ್ನೂ ಬೇರೆ ಬೇರೆ ಮುಟ್ಟಿ. ಕಿರುಬೆರಳಿನ ಕಡೆಯ ಅರ್ಧ ಮಂಕಾಗಿ, ನಡುಬೆರಳಿನ ಕಡೆಯ ಅರ್ಧ ಸರಿಯಿದ್ದರೆ ತೊಂದರೆ ಮೊಣಕೈ ಹಿಂದಿನ ಅಲ್ನಾರ್ ನರದಲ್ಲಿ. ಇಡೀ ಬೆರಳು ಮಂಕಾಗಿ, ಮಂಕುತನ ಮಣಿಕಟ್ಟು ದಾಟಿ ಮುಂಗೈಯ ಒಳಮೈಗೂ ಏರಿದ್ದರೆ ಮೂಲ ಕತ್ತಿನಲ್ಲಿ ಅಥವಾ ಕತ್ತು–ಕಂಕುಳ ನಡುವಿನ ನರಜಾಲದಲ್ಲಿ. ಹೆಬ್ಬೆರಳಿನ ಬುಡದ ಸ್ನಾಯುವೂ ಸೋತಿದ್ದರೆ ಅಲ್ನಾರ್ ಅಲ್ಲವೆಂಬುದು ಇನ್ನೂ ಗಟ್ಟಿ, ಏಕೆಂದರೆ ಹೆಬ್ಬೆರಳನ್ನು ಅಂಗೈಯಿಂದ ಮೇಲೆತ್ತುವ ಸ್ನಾಯು ಆ ನರದ ಸುಪರ್ದಿಯಲ್ಲಿಲ್ಲ.

ಹಾಗೆಯೇ ಹೆಬ್ಬೆರಳು–ತೋರುಬೆರಳ ಜೋಮು ಸಿ6ರದೂ ಆಗಿರಬಹುದು, ಮಣಿಕಟ್ಟಿನದೂ ಆಗಿರಬಹುದು. ಮಣಿಕಟ್ಟಿನದಾದರೆ ಹೆಬ್ಬೆರಳ ಬುಡದ ಅಂಗೈ ಚರ್ಮಕ್ಕೆ ಸ್ಪರ್ಶ ಚೆನ್ನಾಗಿರುತ್ತದೆ. ಅಲ್ಲಿಗೆ ಹೋಗುವ ಕವಲು ಸುರಂಗದೊಳಗೆ ಹಾಯುವುದಿಲ್ಲ. ಸಿ6 ಆದರೆ ಮುಂಗೈಯೂ ಮಂಕು, ಮೊಣಕೈ ಮಡಚುವ ಬಲವೂ ಕಡಿಮೆ.

ರಿಫ್ಲೆಕ್ಸ್ ಮೂರು ಸಾಕು: ಮೊಣಕೈ ಮುಂಭಾಗದ್ದು ಸಿ5–ಸಿ6, ಮುಂಗೈ ಹೊರಬದಿಯದು ಸಿ6, ಮೊಣಕೈ ಹಿಂಭಾಗದ್ದು ಸಿ7. ಒಂದೇ ಬದಿಯಲ್ಲಿ ಕುಗ್ಗಿದ್ದರೆ ನರಬೇರು. ಬದಲಿಗೆ ಜೋರಾಗಿದ್ದು, ನಡುಬೆರಳಿನ ಉಗುರು ಚಿಮ್ಮಿಸಿದಾಗ ಹೆಬ್ಬೆರಳು ಒಳಕ್ಕೆ ಮಡಚಿದರೆ ಬೆನ್ನುಹುರಿಯ ಮೇಲೆ ಅನುಮಾನ. ಕೆಲವು ಆರೋಗ್ಯವಂತರಲ್ಲಿ ಎರಡೂ ಕಡೆ ಹೀಗಾಗುವುದಿದೆ. ಒಂದೇ ಕಡೆ ಇದ್ದರೆ, ಅಥವಾ ನಡಿಗೆಯೂ ಕೆಟ್ಟಿದ್ದರೆ ತಡಮಾಡಬೇಡಿ.

ಡಿಸ್ಕ್ ಅಲ್ಲದವು

ಹರೆಯದವರಲ್ಲಿ ಪತ್ತೆ ತಪ್ಪುವುದು ಹೆಚ್ಚಾಗಿ ಇಲ್ಲಿ. ಎಂಆರ್‌ಐಯಲ್ಲಿ ಹೇಗೂ ಒಂದು ಉಬ್ಬು ಸಿಗುತ್ತದೆ, ಅದರ ಮೇಲೆ ತಪ್ಪು ಹೊರಿಸಿ ನಿಜವಾದ ಕಾಯಿಲೆಯನ್ನು ಬಿಟ್ಟುಬಿಡುತ್ತಾರೆ.

ಪಾರ್ಸನೇಜ್–ಟರ್ನರ್ ತೊಂದರೆ, ಅಂದರೆ ತೋಳಿನ ನರಜಾಲದ ಉರಿಯೂತ. ನಡುರಾತ್ರಿ ಭುಜದಲ್ಲಿ ತಡೆಯಲಾಗದ ನೋವು ಸಿಡಿಯುತ್ತದೆ, ಯಾವ ಭಂಗಿಯಲ್ಲೂ ಆರಾಮವಿಲ್ಲ. ಎಷ್ಟೋ ಸಲ ಹಿಂದಿನ ವಾರಗಳಲ್ಲಿ ಜ್ವರ, ಲಸಿಕೆ, ಶಸ್ತ್ರಚಿಕಿತ್ಸೆ ಅಥವಾ ಅಭ್ಯಾಸವಿಲ್ಲದ ಭಾರಿ ದೈಹಿಕ ಶ್ರಮ ಆಗಿರುತ್ತದೆ. ಕೆಲವು ದಿನಗಳಿಂದ ವಾರಗಳೊಳಗೆ ನೋವು ಇಳಿಯುತ್ತಾ ಬಂದಂತೆ ಕೈಯ ಬಲ ಹೋಗುತ್ತದೆ: ರೆಕ್ಕೆಮೂಳೆ ಎದ್ದುನಿಲ್ಲುವುದು, ಭುಜ ಬತ್ತುವುದು, ಹೆಬ್ಬೆರಳು–ತೋರುಬೆರಳ ತುದಿ ಕೂಡಿಸಿ ಉಂಗುರ ಮಾಡಲಾಗದಿರುವುದು. ಬಲ ಹೋದ ಸ್ನಾಯುಗಳು ಒಂದೇ ಬೇರಿಗೆ ಸೇರಿರುವುದಿಲ್ಲ, ಅಲ್ಲೊಂದು ಇಲ್ಲೊಂದು. ಇದಕ್ಕೆ ಕತ್ತಿನ ಶಸ್ತ್ರಚಿಕಿತ್ಸೆ ಮಾಡಿದರೆ ಪ್ರಯೋಜನವಿಲ್ಲ.

ಹಿರಯಾಮ ಕಾಯಿಲೆ. ಜಪಾನಿನ ಹಿರಯಾಮ 1959ರಲ್ಲಿ ಇದನ್ನು ವಿವರಿಸಿದರು. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಒಂದೇ ಕೈ ಅಥವಾ ಕಾಲು ಬತ್ತುವ ಇಂಥ ರೋಗಿಗಳ ಬಗ್ಗೆ ಪ್ರಕಟಿಸಿದರು. ಹದಿನೈದರಿಂದ ಇಪ್ಪತ್ತೈದರೊಳಗಿನ ಗಂಡುಹುಡುಗರಲ್ಲಿ ಹೆಚ್ಚು. ಒಂದು ಅಂಗೈ, ಮುಂಗೈ ಮೆಲ್ಲಮೆಲ್ಲಗೆ ಸಣ್ಣಗಾಗುತ್ತವೆ, ಆದರೆ ಮುಂಗೈಯ ಹೆಬ್ಬೆರಳ ಬದಿಯ ದಪ್ಪ ಸ್ನಾಯು ಉಳಿದುಕೊಳ್ಳುತ್ತದೆ. ಬೆರಳು ಚಾಚಿದರೆ ನಡುಗುತ್ತವೆ, ಚಳಿಯಲ್ಲಿ ಬಲ ಇನ್ನೂ ಕುಗ್ಗುತ್ತದೆ. ನೋವು ಅಲ್ಪ, ಕೆಲವರಿಗೆ ಇಲ್ಲವೇ ಇಲ್ಲ. ಕತ್ತು ಬಗ್ಗಿಸಿದಾಗ ಬೆನ್ನುಹುರಿಯ ಹೊದಿಕೆ ಮುಂದಕ್ಕೆ ಸರಿದು ಹುರಿಯನ್ನು ಅದುಮುವುದೇ ಕಾರಣ. ನೇರ ಮಲಗಿಸಿ ತೆಗೆದ ಎಂಆರ್‌ಐಯಲ್ಲಿ ಇದು ತಪ್ಪಿಹೋಗಬಹುದು. "ಕತ್ತು ಬಗ್ಗಿಸಿ ತೆಗೆಯಿರಿ" ಎಂದು ಚೀಟಿಯಲ್ಲಿ ಬರೆದೇ ಕಳಿಸಬೇಕು. ಬೇಗ ಗೊತ್ತಾದರೆ ಕತ್ತಿನ ಪಟ್ಟಿ ಹಾಕಿ ಮುಂದುವರಿಯದಂತೆ ತಡೆಯುವ ಅವಕಾಶವಿದೆ.

ಕತ್ತಿನ ಗಂಟು ತೆಗೆಸಿದವರು. ಕ್ಷಯದ ಅನುಮಾನದಿಂದ ಕತ್ತಿನ ಬದಿಯ ಗಂಟಿನ ಚೂರು ತೆಗೆಯುವುದು ನಮ್ಮಲ್ಲಿ ದಿನನಿತ್ಯದ ಮಾತು. ಆ ಜಾಗದಲ್ಲಿ ಚರ್ಮದ ಕೆಳಗೇ ಹಾಯುವ ನರಕ್ಕೆ ಕತ್ತರಿ ತಾಗಿದರೆ ಹೆಗಲು ಜೋತು, ಕೈ ಭುಜಕ್ಕಿಂತ ಮೇಲೇರದೆ, ಎಳೆಯುವ ನೋವು ಉಳಿಯುತ್ತದೆ. ತಿಂಗಳುಗಳು ಕಳೆದಷ್ಟೂ ನರ ಸರಿಪಡಿಸುವುದು ಕಷ್ಟ. ಹೊಲಿಗೆಯ ಗುರುತು ಕಂಡರೆ ಹೆಗಲು ಕುಣಿಸುವ ಬಲ ನೋಡದೆ ಬಿಡಬೇಡಿ.

ಕುಷ್ಠ. ಮೊಣಕೈ ಒಳಮೂಳೆಯ ಹಿಂದೆ ನರವನ್ನು ಬೆರಳಿನಿಂದ ತಡವಿ ಎರಡೂ ಬದಿ ಹೋಲಿಸಿ. ಹಗ್ಗದಂತೆ ದಪ್ಪವಾಗಿ, ಮುಟ್ಟಿದರೆ ನೋಯುತ್ತಿದ್ದರೆ ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಹುಡುಕಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಕಾಯಿಲೆ ಪೂರ್ತಿ ಗುಣವಾಗುತ್ತದೆ.

ವಾಲಿಬಾಲ್ ಆಡುವವರಿಗೆ ಭುಜದ ಹಿಂದೆ ಆಳದ ನೋವಿದ್ದು ರೆಕ್ಕೆಮೂಳೆಯ ಗೆರೆಯ ಕೆಳಗೆ ಗುಳಿ ಬಿದ್ದಿದ್ದರೆ ಅಲ್ಲಿ ಹಾಯುವ ನರ ಸಿಕ್ಕಿರಬಹುದು, ಜೋಮು ಇರುವುದಿಲ್ಲ. ಭುಜ ಜಾರಿದ ಮೇಲೆ ತೋಳಿನ ಹೊರಮೈ ಮಂಕಾದರೆ ಪೆಟ್ಟು ಬಿದ್ದಿರುವುದು ಭುಜದ ಕೀಲಿನ ಪಕ್ಕ ಹಾಯುವ ಆಕ್ಸಿಲರಿ ನರಕ್ಕೆ.

ಕೈ ಮೇಲೆತ್ತಿ ಕೆಲಸ ಮಾಡಿದಾಗ ಕಿರುಬೆರಳ ಬದಿಗೆ ಜೋಮು ಬಂದರೆ ಥೊರಾಸಿಕ್ ಔಟ್‌ಲೆಟ್ ತೊಂದರೆ (ಕತ್ತು–ಕಂಕುಳ ನಡುವೆ ನರ, ರಕ್ತನಾಳ ಅದುಮಿಹೋಗುವುದು) ಎನ್ನಲು ಮನಸ್ಸಾಗುತ್ತದೆ. ಆತುರ ಬೇಡ. ಕೈ ಎತ್ತಿ 3 ನಿಮಿಷ ಮುಷ್ಟಿ ಬಿಚ್ಚಿ ಕಟ್ಟುವ ಪರೀಕ್ಷೆಯಲ್ಲೂ, ನಾಡಿ ಮಾಯವಾಗುವ ಪರೀಕ್ಷೆಯಲ್ಲೂ ಆರೋಗ್ಯವಂತರೇ ಎಷ್ಟೋ ಮಂದಿ "ಹೌದು" ಎನಿಸಿಕೊಳ್ಳುತ್ತಾರೆ. ಎಕ್ಸ್‌ರೇಯಲ್ಲಿ ಕತ್ತಿನ ಹೆಚ್ಚುವರಿ ಪಕ್ಕೆಲುಬು ಕಂಡರೂ ಬಹುಪಾಲು ಜನರಿಗೆ ಅದರಿಂದ ಏನೂ ಆಗಿರುವುದಿಲ್ಲ. ಹೆಬ್ಬೆರಳ ಬುಡ ಬತ್ತಿದೆಯೇ, ಮುಂಗೈ ಒಳಮೈ ಮಂಕೇ ಎಂದು ನೋಡಿ.

ಒಂಬತ್ತನೇ ಹಂತ: ಯಾವ ಪರೀಕ್ಷೆ, ಯಾವಾಗ

ಎಕ್ಸ್‌ರೇ ನರವನ್ನು ತೋರಿಸುವುದಿಲ್ಲ. "ಕತ್ತಿನ ಬಾಗು ನೇರವಾಗಿದೆ" ಎಂಬ ಸಾಲು ನೋಡಿ 24ರ ಹುಡುಗಿಗೆ "ಕತ್ತಿನ ಮೂಳೆ ಸವೆದಿದೆ" ಎಂದು ಹೇಳುವುದು ಅನ್ಯಾಯ. ಸ್ನಾಯು ಬಿಗಿದರೂ, ಗದ್ದ ಸ್ವಲ್ಪ ತಗ್ಗಿಸಿ ನಿಂತರೂ ಹಾಗೇ ಕಾಣುತ್ತದೆ.

ಎಂಆರ್‌ಐ ತಕ್ಷಣ ಬೇಕಾದ್ದು ಮೊದಲ ಹಂತದ ಬೆನ್ನುಹುರಿ, ಸೋಂಕು, ಗಡ್ಡೆಯ ಲಕ್ಷಣಗಳಿದ್ದಾಗ, ಬಲ 3 ಅಥವಾ ಕೆಳಗಿದ್ದಾಗ, ದಿನದಿಂದ ದಿನಕ್ಕೆ ಬಲ ಕುಗ್ಗುತ್ತಿದ್ದಾಗ. ಇಲ್ಲವಾದರೆ ಸುಮಾರು 6 ವಾರ ಚಿಕಿತ್ಸೆಯ ನಂತರವೂ ಇಳಿಯದಿದ್ದಾಗ. ವರದಿ ಬಂದಮೇಲೆ ಎರಡು ಹೊಂದಾಣಿಕೆ ನೋಡಿ: ಬದಿ ಮತ್ತು ಮಟ್ಟ. ಸಿ6–ಸಿ7 ಮೂಳೆಗಳ ನಡುವಿನ ಡಿಸ್ಕ್ ಅದುಮುವುದು ಸಿ7 ಬೇರನ್ನು. ವರದಿ ಎಡಕ್ಕೆ ಉಬ್ಬಿದೆ ಅಂದು, ನಿಮ್ಮ ಬಲಗೈ ನಡುಬೆರಳು ಜೋಮು ಹಿಡಿದಿದ್ದರೆ ಆ ಉಬ್ಬು ನಿಮ್ಮ ನೋವಿನ ಕಾರಣವಲ್ಲ.

ನರದ ಕರೆಂಟ್ ಪರೀಕ್ಷೆಯನ್ನು ಮೊದಲ ವಾರವೇ ಮಾಡಿಸಿ "ನಾರ್ಮಲ್" ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಸ್ನಾಯುವಿಗೆ ಸೂಜಿ ಹಾಕಿ ನೋಡುವ ಭಾಗದಲ್ಲಿ ಬದಲಾವಣೆ ಕಾಣಲು ಸುಮಾರು 3 ವಾರ ಬೇಕು. ಇನ್ನೊಂದು: ಬೆರಳು ಮರಗಟ್ಟಿದ್ದರೂ ಸ್ಪರ್ಶನರದ ಸಂಕೇತ ಸರಿಯಿದೆಯೆಂದು ಬಂದರೆ ಯಂತ್ರ ಸುಳ್ಳು ಹೇಳುತ್ತಿಲ್ಲ. ಬೇರು ಸಿಕ್ಕಿಕೊಂಡಿರುವುದು ಸ್ಪರ್ಶನರದ ಜೀವಕೋಶಕ್ಕಿಂತ ಒಳಗೆ, ಬೆನ್ನುಹುರಿಯ ಕಡೆ. ಹೊರಗಿನ ತಂತು ಜೀವಂತವಾಗಿಯೇ ಇರುತ್ತದೆ. ಅದೇ ಸಂಕೇತ ಕುಗ್ಗಿದ್ದರೆ ಪೆಟ್ಟು ಹೊರಗೆ, ನರಜಾಲದಲ್ಲಿ ಅಥವಾ ಕೈಯಲ್ಲಿ.

ಹತ್ತನೇ ಹಂತ: ಮತ್ತೆ ಅಳೆಯುವುದು

ಮೊದಲ ದಿನದ ನಕ್ಷೆ, ಬಲದ ಅಂಕ, ಸುತ್ತಳತೆ, ಕತ್ತು ತಿರುಗುವ ಮಟ್ಟ, ಇವಿಷ್ಟನ್ನೂ ದಿನಾಂಕ ಹಾಕಿ ಒಂದೇ ಹಾಳೆಯಲ್ಲಿಡಿ. ವೈದ್ಯರನ್ನು ಬದಲಿಸಿದರೂ ಆ ಹಾಳೆ ಜೊತೆಗಿರಲಿ. ಡಿಸ್ಕಿನಿಂದ ಸಿಕ್ಕಿಕೊಂಡ ಬೇರು ಹೆಚ್ಚಿನ ಹರೆಯದವರಲ್ಲಿ ವಾರಗಳಿಂದ ಕೆಲವು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಸುಧಾರಿಸುತ್ತದೆ. ಮೊದಲು ಕೈನೋವು ಮೇಲಕ್ಕೆ ಸರಿದು ಕತ್ತಿನ ಹತ್ತಿರ ಬರುತ್ತದೆ, ಜೋಮು ಕೊನೆಗೆ ಹೋಗುತ್ತದೆ. ಬೆರಳ ತುದಿಯ ಮಂಕು ತಿಂಗಳು ಉಳಿದರೂ ಗಾಬರಿ ಬೇಡ.

ಬಲ ಕಡಿಮೆಯಿದ್ದವರನ್ನು ವಾರಕ್ಕೊಮ್ಮೆ ಅಳೆಯಲೇಬೇಕು. ನೋವು ಇಳಿದು ಬಲವೂ ಏರಿದರೆ ನರ ಚೇತರಿಸುತ್ತಿದೆ. ನೋವು ಮಾತ್ರ ಇಳಿದು, ತೂಕದ ಯಂತ್ರದ ಅಂಕಿಯೂ ಇಳಿಯುತ್ತಿದ್ದರೆ ಅದನ್ನು ಗುಣವೆಂದು ತಿಳಿಯಬೇಡಿ. ನೋವಿನ ಸುದ್ದಿ ಒಯ್ಯುವ ಶಕ್ತಿಯನ್ನೂ ನರ ಕಳೆದುಕೊಳ್ಳುತ್ತಿರಬಹುದು. ಅಂದೇ ನರರೋಗ ಅಥವಾ ಬೆನ್ನುಮೂಳೆ ತಜ್ಞರ ಬಳಿ ಹಾಳೆ ಹಿಡಿದು ಹೋಗಿ.